ಕೆಂಪು ದೀಪ ದಾಟಿದ ಕುಕ್ಕರಿನ ಬಗ್ಗೆ ಡಾಕ್ಟರಮ್ಮನ ಮಾವನ ಹೇಳಿಕೆ

ಸಬ್ ಇನ್ಸ್‌ಪೆಕ್ಟರ್ ಮೇಡಂ ಅವರ ಎದುರಿನಲ್ಲಿ ಕೂತು, ನನ್ನ ಕೈಯಾರೆ ಬರೆದುಕೊಟ್ಟ ಹೇಳಿಕೆ.

ನಾನು, ಬಡಾವಣೆಯವರೆಲ್ಲ ಡಾಕ್ಟರಮ್ಮನ ಮಾವ ಎಂದು ಕರೆಯುವವನು, ವಯಸ್ಸು ಎಪ್ಪತ್ತೊಂದು, ಹಿಂದೆ ಅಂಗಡಿಗಳಿಗೆ ಬೋರ್ಡು ಬರೆಯುವ ಕಸುಬು, ಈಗ ಮನೆಯಲ್ಲೇ ಇರುವುದು, ವಾಸ ನೀರಿನ ಟ್ಯಾಂಕಿನ ಹಿಂದಿನ ಎರಡನೇ ಅಡ್ಡರಸ್ತೆ, ಹಸಿರು ಗೇಟಿನ ಮಹಡಿ ಮನೆ. ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದು ಹೀಗಿದೆ.

ನನ್ನ ಜೊತೆ ನನ್ನ ಮನೆಯವರು, ಮಗ ಮತ್ತು ಸೊಸೆ ಇರುತ್ತಾರೆ. ಸೊಸೆ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು. ಬಿಳಿ ಕಾರು ಅವಳದು. ಮುಂದಿನ ಗಾಜಿನ ಮೇಲಿರುವ ಡಾಕ್ಟರ ಕೆಂಪು ಗುರುತನ್ನು ಬರೆದವನು ನಾನು. ಅಂಗೈ ಅಗಲ ಸಾಕು ಮಾವ ಎಂದಿದ್ದಳು. ಸೊಸೆ ಡಾಕ್ಟರಾದ ಸಂತೋಷಕ್ಕೆ ನನ್ನ ಕುಂಚ ಸ್ವಲ್ಪ ದೊಡ್ಡದಾಗಿ ಓಡಿತು. ಅದು ಈಗ ಊಟದ ತಟ್ಟೆಯಷ್ಟಿದೆ, ರಸ್ತೆಯ ಆ ತುದಿಯಿಂದಲೂ ಕಾಣುತ್ತದೆ.

ಈ ದಿನ ಬೆಳಿಗ್ಗೆ ಸೊಸೆಯನ್ನು ಮಗ ತನ್ನ ಬೈಕಿನಲ್ಲಿ ಆಸ್ಪತ್ರೆಗೆ ಬಿಡಲು ಹೋದ. ಕಾರು ಮನೆಯಲ್ಲೇ ಇತ್ತು. ಸುಮಾರು ಹತ್ತು ಗಂಟೆಗೆ ನನ್ನ ಮನೆಯವರು ಅಡುಗೆಮನೆಯಿಂದ ಬಂದು, ಕುಕ್ಕರಿನ ಮುಚ್ಚಳ ಕೂರುತ್ತಿಲ್ಲ, ರಬ್ಬರ್ ಬದಲಾಯಿಸಿಕೊಂಡು ಬಂದರೆ ಮಧ್ಯಾಹ್ನಕ್ಕೆ ಅನ್ನ, ಇಲ್ಲದಿದ್ದರೆ ನಿಮಗೆ ನೀವೇ ಎಂದು ತಿಳಿಸಿದರು. ನನಗೆ ಲೈಸೆನ್ಸ್ ಇದೆ. ಅರವತ್ತೆರಡನೇ ವಯಸ್ಸಿನಲ್ಲಿ ಕಲಿತು ಮೊದಲನೇ ಸಲಕ್ಕೇ ಪಾಸಾದೆ. (ಇದು ಬೇಡ ಎಂದು ಮೇಡಂ ಹೇಳಿದರು. ಬರೆದಾಗಿದೆ, ಇರಲಿ.)

ಕುಕ್ಕರನ್ನು ಮುಚ್ಚಳ ಸಮೇತ ಬಿಳಿ ಟವೆಲಿನಲ್ಲಿ ಸುತ್ತಿ ಪಕ್ಕದ ಸೀಟಿನ ಮೇಲಿಟ್ಟೆ. ಗಾಡಿ ಹೊರಟ ಕೂಡಲೇ ಕೀಂಕೀಂ ಎಂದು ಬಡಿದುಕೊಳ್ಳತೊಡಗಿತು. ಸೀಟಿನ ಮೇಲೆ ಭಾರವಿದ್ದರೆ ಬೆಲ್ಟು ಹಾಕುವವರೆಗೆ ಅದು ಸುಮ್ಮನಾಗುವುದಿಲ್ಲ. ಆದ್ದರಿಂದ ಕುಕ್ಕರಿಗೂ ಬೆಲ್ಟು ಹಾಕಿದೆ. ಮೂಲೆಯಲ್ಲಿ ಇಂಡಿಕೇಟರ್ ಹಾಕಲು ಹೋಗಿ ಕಡ್ಡಿಯನ್ನು ತಿರುಚಿದೆ. ಆಗ ಮುಂದಿನ ದೊಡ್ಡ ದೀಪಗಳು ಹೊತ್ತಿಕೊಂಡಿವೆ. ಬಿಸಿಲಿನಲ್ಲಿ ಅದು ನನ್ನ ಗಮನಕ್ಕೆ ಬರಲಿಲ್ಲ.

ಮನೆಯಿಂದ ಅರ್ಧ ಕಿಲೋಮೀಟರ್ ದೂರದ ವೃತ್ತವನ್ನು ಸಮೀಪಿಸಿದಾಗ ನನ್ನ ಕಡೆ ಕೆಂಪು ದೀಪವಿತ್ತು. ಕುಕ್ಕರ್ ಅಂಗಡಿಗೆ ಅಲ್ಲಿ ಎಡಕ್ಕೆ ತಿರುಗಬೇಕು. ನಾನು ನಿಧಾನ ಮಾಡಿದೆ. ವೃತ್ತದಲ್ಲಿ ಡ್ಯೂಟಿಯಲ್ಲಿದ್ದ ಟ್ರಾಫಿಕ್ ಪೊಲೀಸರು, ಮಕ್ಕಳೆಲ್ಲ ಸೀಟಿ ಮಾಮ ಎನ್ನುವವರು, ನನ್ನ ಗಾಡಿಯನ್ನು ಕಂಡೊಡನೆ ಓಡಿ ರಸ್ತೆಯ ನಡುವೆ ನಿಂತು, ಸೀಟಿ ಊದಿ, ಬಲಗಡೆಯಿಂದ ಹಸಿರು ದೀಪದಲ್ಲಿ ಬರುತ್ತಿದ್ದ ಗಾಡಿಗಳನ್ನೆಲ್ಲ ತಡೆದು, ನನಗೆ ನೇರ ಹೋಗಿ ಹೋಗಿ ಎಂದು ಕೈ ಬೀಸಿದರು. ಎಡಕ್ಕೆ ಎಂದು ನಾನು ಬೆರಳು ತೋರಿಸಿದೆ. ಅವರು ಇನ್ನೂ ಜೋರಾಗಿ ಬೀಸಿದರು. ಪೊಲೀಸರ ಮಾತು ಮೀರಬಾರದೆಂದು ಕೆಂಪು ದೀಪ ದಾಟಿ ನೇರ ಹೋದೆ. ಬೈಕಿನಲ್ಲಿದ್ದ ಇನ್ನೊಬ್ಬ ಟ್ರಾಫಿಕ್ ಪೊಲೀಸ್ ನನ್ನ ಮುಂದೆ ಬಂದು, ಹಾರ್ನ್ ಹೊಡೆಯುತ್ತ ದಾರಿ ಬಿಡಿಸತೊಡಗಿದರು.

ಕನ್ನಡಿಯಲ್ಲಿ ನೋಡಿದಾಗ ವೃತ್ತದಲ್ಲಿ ಒಂದು ಗೂಡ್ಸ್ ಆಟೋ ಓರೆಯಾಗಿ ನಿಂತಿತ್ತು, ಕೆಳಗೆ ರಸ್ತೆಯೆಲ್ಲ ಹಳದಿ. ಯಾರದೋ ಬಣ್ಣದ ಡಬ್ಬ ಚೆಲ್ಲಿರಬೇಕು ಎಂದುಕೊಂಡೆ.

ಸುಳ್ಳು ಬರೆಯಬಾರದು. ಆ ಎಂಟುನೂರು ಮೀಟರ್ ದೂರ ನನಗೆ ಬಹಳ ಖುಷಿಯಾಯಿತು. ಬಸ್ಸೊಂದು ಪಕ್ಕಕ್ಕೆ ಸರಿಯಿತು. ಜನ ನಿಂತು ನೋಡಿದರು. ಔಷಧಿ ಅಂಗಡಿಯ ಮುಂದೆ ನಿಂತಿದ್ದ ನನ್ನ ಬೀಗರಿಗೆ ನಾನು ಕೈಯನ್ನೂ ಆಡಿಸಿದೆ. ಹಿರಿಯನೆಂದು ಈ ಮರ್ಯಾದೆಯೋ, ಬೋರ್ಡು ಬರೆದ ಹಳೆಯ ಗುರುತೋ ಎಂದು ಯೋಚಿಸುತ್ತ ಹೋದೆನೇ ಹೊರತು, ಯಾಕೆ ಎಂದು ನಿಲ್ಲಿಸಿ ಕೇಳಲಿಲ್ಲ.

ಬೈಕಿನವರು ನನ್ನನ್ನು ದೊಡ್ಡಾಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಇಬ್ಬರು ಆಯಾಗಳು ತಳ್ಳುಗಾಡಿ ಹಿಡಿದು ಓಡಿಬಂದರು. ಒಬ್ಬ ನರ್ಸು ಬಾಗಿಲು ತೆಗೆದು, ಕುಕ್ಕರಿನ ಬೆಲ್ಟು ಬಿಚ್ಚಿ, “ರಕ್ತ ತಂದ್ರಾ? ಯಾವ ಗುಂಪಿಂದು?” ಎಂದು ಕೇಳಿದರು. “ಐದು ಲೀಟರಿಂದು” ಎಂದೆ. ಅವರು ಟವೆಲ್ ಸರಿಸಿ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಟವೆಲ್ ಮುಚ್ಚಿದರು.

ಅಷ್ಟರಲ್ಲಿ ಸೊಸೆ ಬಂದಳು. ಮೊದಲು ಅವಳಿಗೆ ನಗು ಬಂತು. ಆಮೇಲೆ ಕಾರಿನ ಮುಂಭಾಗ ನೋಡಿ ನಗು ನಿಲ್ಲಿಸಿದಳು.

“ಮಾವ, ಲೈಟ್ ಯಾಕೆ ಉರೀತಿದೆ?”

“ಯಾವ ಲೈಟಮ್ಮ?”

“ಅಯ್ಯೋ ಮಾವ, ಅದು ನಂಗೂ ಸೀಟಿ ಮಾಮಂಗೂ ಮಧ್ಯೆ ಇರೋ ಗುರುತು.”

ಅವಳು ತಿಳಿಸಿದ್ದೇನೆಂದರೆ, ಹೋದ ವರ್ಷ ಒಬ್ಬ ಬಾಣಂತಿಗೆ ರಕ್ತ ನಿಲ್ಲದೆ ಕರೆ ಬಂದಾಗ ಇವಳು ಆ ವೃತ್ತದ ಸಾಲಿನಲ್ಲಿ ಸಿಕ್ಕಿಬಿದ್ದಿದ್ದಳು. ಆಗ ಸೀಟಿ ಮಾಮನವರು ಸಾಲು ಬಿಡಿಸಿ ಕಳಿಸಿಕೊಟ್ಟು, ಇನ್ನು ಮೇಲೆ ಪ್ರಾಣದ ಅವಸರ ಇದ್ದರೆ ಹಗಲಲ್ಲೂ ದೊಡ್ಡ ಲೈಟ್ ಹಾಕಿಕೊಂಡು ಬನ್ನಿ, ದೂರದಿಂದಲೇ ದಾರಿ ಮಾಡಿಕೊಡುತ್ತೇನೆ ಎಂದಿದ್ದರು. ಇದಕ್ಕೆ ಯಾವ ಕಾಗದವೂ ಇಲ್ಲ. ಅವಸರವಿಲ್ಲದ ದಿನ ಅವಳು ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತಾಳೆ, ಲೈಟ್ ಹಾಕುವುದಿಲ್ಲ. ಇದನ್ನು ಮನೆಯಲ್ಲಿ ಹೇಳಿಕೊಳ್ಳುವ ವಿಷಯವೆಂದು ಅವಳಿಗೆ ಅನ್ನಿಸಿರಲಿಲ್ಲ.

ಆಗ ಬೈಕಿನ ಪೊಲೀಸರಿಗೆ ಫೋನ್ ಬಂತು. ನಾನು ಬಣ್ಣವೆಂದುಕೊಂಡದ್ದು ಮೊಟ್ಟೆ. ಹಸಿರು ದೀಪದಲ್ಲಿ ಬರುತ್ತಿದ್ದ ಮೊಟ್ಟೆ ವ್ಯಾಪಾರಿ, ಸೀಟಿ ಮಾಮ ಎದುರಿಗೆ ಬಂದದ್ದರಿಂದ ಗಕ್ಕನೆ ಬ್ರೇಕ್ ಹಾಕಿದ್ದಾರೆ. ಮೇಲಿನ ಟ್ರೇಗಳು ಬಿದ್ದಿವೆ. ದೇವರ ದಯೆ, ಯಾರಿಗೂ ಪೆಟ್ಟಾಗಿಲ್ಲ. ಅವರು ನೇರವಾಗಿ ಠಾಣೆಗೆ ಹೋಗಿ, ಡಾಕ್ಟರ ಕಾರಿಗಾಗಿ ತಮ್ಮನ್ನು ತಡೆದರು ಎಂದು ಸೀಟಿ ಮಾಮನ ಮೇಲೆ ದೂರು ಹೇಳಿದ್ದಾರೆ.

ನಾನೇ ಠಾಣೆಗೆ ಹೋಗುತ್ತೇನೆ ಎಂದೆ. ಸೊಸೆಗೆ ಒಳಗಿಂದ ಕರೆ ಬಂದಿತ್ತು. ಹೋಗುವ ಮೊದಲು ಕಾರಿನ ಕೀ ಇಸಿದುಕೊಂಡು, “ನಡೆದದ್ದನ್ನ ನಡೆದ ಹಾಗೆ ಹೇಳಿ ಮಾವ. ನನ್ನ ಉಳಿಸೋಕೆ ಹೋಗಬೇಡಿ, ಆ ಮನುಷ್ಯನ್ನ ಮುಳುಗಿಸಲೂ ಬೇಡಿ” ಎಂದಳು. ನಾನು ನಡೆದೇ ಬಂದೆ.

ಸುಮಾರು ಹನ್ನೊಂದು ಗಂಟೆಗೆ ಠಾಣೆಗೆ ಬಂದಾಗ ಮೊಟ್ಟೆ ವ್ಯಾಪಾರಿ ಬೆಂಚಿನ ಮೇಲೆ ಕೂತಿದ್ದರು. ವಯಸ್ಸು ಮೂವತ್ತೈದರ ಆಸುಪಾಸು, ಪ್ಯಾಂಟಿನ ಮಂಡಿಯವರೆಗೆ ಮೊಟ್ಟೆ. ಸೀಟಿ ಮಾಮ ಗೋಡೆಗೆ ಒರಗಿ ನಿಂತಿದ್ದರು. ದೂರು ಮೇಲಕ್ಕೆ ಹೋದರೆ ವಿಚಾರಣೆ ಮುಗಿಯುವವರೆಗೆ ವೃತ್ತದ ಡ್ಯೂಟಿಯಿಂದ ತೆಗೆಯಬೇಕಾಗುತ್ತದೆ ಎಂದು ಮೇಡಂ ಸೀಟಿ ಮಾಮನಿಗೆ ಹೇಳುತ್ತಿದ್ದರು. ಅವರು ಕೊರಳಿನ ಸೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು.

ಕಾರು ಓಡಿಸಿದವನು ನಾನು, ಸೊಸೆಯಲ್ಲ, ಹೋಗುತ್ತಿದ್ದದ್ದು ಕುಕ್ಕರಿನ ರಬ್ಬರಿಗೆ ಎಂದು ನಾನು ತಿಳಿಸಿದೆ. ಸೀಟಿ ಮಾಮ ಕಣ್ಣು ಮುಚ್ಚಿಕೊಂಡರು. ವ್ಯಾಪಾರಿ ಎದ್ದು ನಿಂತರು.

“ಕೇಳಿದ್ರಾ ಮೇಡಂ? ಕುಕ್ಕರ್! ಇವರ ಮನೇಲಿ ಅನ್ನ ಆಗ್ಲಿ ಅಂತ ನಾನು ರಸ್ತೆ ಮೇಲೆ ಆಮ್ಲೆಟ್ ಹಾಕ್ಬೇಕಾಯ್ತು.”

ಮೇಡಂ ತುಟಿ ಬಿಗಿಹಿಡಿದು ಕಾಗದ ನೋಡಿದರು. ವ್ಯಾಪಾರಿ ಮುಂದುವರಿದು ಹೇಳಿದ್ದು ನಗುವ ಮಾತಲ್ಲ. ಹೋದ ವಾರ ಅವರ ತಾಯಿಗೆ ಏದುಸಿರು ಹತ್ತಿದಾಗ ಇದೇ ಆಟೋದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟು, ಇದೇ ವೃತ್ತದಲ್ಲಿ ಕೆಂಪು ದೀಪ ದಾಟಿದ್ದರಂತೆ. ಇದೇ ಸೀಟಿ ಮಾಮ ನಿಲ್ಲಿಸಿ ದಂಡ ಹಾಕಿದರಂತೆ.

“ಹೇಳಿದೆ, ನಮ್ಮಮ್ಮನ್ನ ನೋಡಿ ಅಂತ. ಎಲ್ಲರೂ ಹೇಳೋದೇ ಇದು ಅಂದ್ರು. ಡಾಕ್ಟರನ್ನ ಬಿಡ್ತೀರಿ, ಪೇಷಂಟಿಗೆ ದಂಡ ಹಾಕ್ತೀರಿ. ಇದೆಲ್ಲಿಯ ನ್ಯಾಯ ಸಾರ್?”

ಸೀಟಿ ಮಾಮ ತಲೆ ತಗ್ಗಿಸಿ, “ನೋಡಲಿಲ್ಲ. ಮೊಟ್ಟೆ ಗಾಡಿ ಅಂತ ಬಗ್ಗಿ ನೋಡಲೇ ಇಲ್ಲ. ತಪ್ಪಾಯ್ತು” ಎಂದರು. ಆಮೇಲೆ, “ಅಮ್ಮ ಹೇಗಿದ್ದಾರೆ?” ಎಂದು ಕೇಳಿದರು.

“ಈಗ ಕೇಳಿದ್ರಲ್ಲ. ಚೆನ್ನಾಗಿದ್ದಾರೆ. ಮೂರು ಹೊತ್ತೂ ನಿಮಗೆ ಬೈಕೊಂಡು ಚೆನ್ನಾಗಿದ್ದಾರೆ.”

ಮೇಡಂ ನನ್ನ ಕಡೆ ತಿರುಗಿ, “ಯಜಮಾನರೇ, ಡಾಕ್ಟರಿಗೆ ಆ ವೃತ್ತದಲ್ಲಿ ರಿಯಾಯಿತಿ ಇದೆಯೋ ಇಲ್ವೋ? ಸುತ್ತಿಬಳಸದೆ ಹೇಳಿ” ಎಂದು ಕೇಳಿದರು. ನಾನು, ಇದೆ ಎಂದೆ. ಆ ರಿಯಾಯಿತಿಯಿಂದ ಒಬ್ಬ ಬಾಣಂತಿ ಬದುಕಿದ್ದಾಳೆ. ಅದೇ ರಿಯಾಯಿತಿಯಲ್ಲಿ ಇವತ್ತು ನಾನು ಮೆರವಣಿಗೆ ಹೋದೆ. ಸೀಟಿ ಮಾಮ ಕಾರಿನ ಗುರುತು ನೋಡಿ ಬಿಟ್ಟರು, ಆಟೋದ ಟ್ರೇ ನೋಡಿ ಹಿಡಿದರು. ಎರಡು ಸಲವೂ ಒಳಗೆ ಯಾರಿದ್ದಾರೆ ಎಂದು ನೋಡಲಿಲ್ಲ. ಆದರೆ ಅದರಲ್ಲಿ ಅವರು ಯಾರಿಂದಲೂ ಏನನ್ನೂ ಪಡೆದವರಲ್ಲ. ನಮ್ಮ ಮನೆಯಿಂದ ಒಂದು ಲೋಟ ನೀರೂ ಕುಡಿದಿಲ್ಲ. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ.

ಮೇಡಂ ವ್ಯಾಪಾರಿಯನ್ನು, ಇವರನ್ನು ವೃತ್ತದಿಂದ ತೆಗೆಯಬೇಕೆಂಬುದೇ ನಿಮ್ಮ ದೂರೋ ಎಂದು ಕೇಳಿದರು. ವ್ಯಾಪಾರಿ ಪ್ಯಾಂಟಿಗೆ ಅಂಟಿದ ಮೊಟ್ಟೆಯನ್ನು ಉಗುರಿನಿಂದ ಕೆರೆದರು.

“ತೆಗೆದು ಏನ್ ಮಾಡ್ಲಿ ಮೇಡಂ? ಹೊಸಬರು ಬಂದ್ರೆ ಅವರಿಗೂ ಡಾಕ್ಟರ ಕಾರೇ ಕಾಣೋದು. ಇವರಿಗಾದ್ರೆ ಇನ್ಮೇಲೆ ನಮ್ಮಮ್ಮನೂ ಕಾಣ್ತಾರೆ. ಇವರೇ ಇರ್ಲಿ. ಆದ್ರೆ ಇವತ್ತಿನ ಕೆಂಪು ದೀಪಕ್ಕೆ ಆ ಕಾರಿಗೆ ದಂಡ ಬೀಳ್ಬೇಕು. ನಂಗೆ ಬಿದ್ದ ಹಾಗೆ, ಅದೇ ಕೈಯಿಂದ.”

ಮೇಡಂ ದಂಡದ ಪುಸ್ತಕವನ್ನು ಸೀಟಿ ಮಾಮನ ಕಡೆ ತಳ್ಳಿದರು. ಅವರು ಪೆನ್ನು ಹಿಡಿದು ನಿಂತರೇ ಹೊರತು ಬರೆಯಲಿಲ್ಲ.

“ಯಜಮಾನರೇ, ನಿಮಗೆ ಹೇಗೆ ಹಾಕ್ಲಿ? ಹೋಗಿ ಅಂತ ಕೈ ಬೀಸಿದೋನು ನಾನು.”

“ಬೀಸಿದ್ದು ನೀವು. ಒಳಗೆ ಕೂತು ಸುಖಪಟ್ಟೋನು ನಾನು. ಬರೀರಿ” ಎಂದೆ.

ಸೊಸೆಯ ಹೆಸರು ಬೇಡ, ನನ್ನ ಹೆಸರಿಗೇ ಬರೆಯಿರಿ ಎಂದು ಕೇಳಿಕೊಂಡೆ. ಹಾಗೇ ಬರೆದರು. ಅಕ್ಷರ ಗುಂಡಗಿದೆ, ಚೆನ್ನಾಗಿದೆ. ದಂಡವನ್ನು ಅಲ್ಲೇ ಕಟ್ಟಿದೆ. ಒಡೆದ ಮೊಟ್ಟೆಯ ವಿಷಯ ನಾನೂ ವ್ಯಾಪಾರಿಯೂ ಹೊರಗೆ ಮಾತಾಡಿ ಮುಗಿಸಿಕೊಂಡಿದ್ದೇವೆ, ಅದಕ್ಕೆ ಪೊಲೀಸರ ಶ್ರಮ ಬೇಡ.

ಇನ್ನು ಮುಂದೆ ಲೈಟ್ ಹಾಕಿಕೊಂಡು ಅವಸರದಲ್ಲಿ ಬಂದ ಗಾಡಿ ಡಾಕ್ಟರದ್ದಾಗಲಿ, ಮೊಟ್ಟೆಯದ್ದಾಗಲಿ, ಬಗ್ಗಿ ಒಳಗೆ ನೋಡಿಯೇ ಬಿಡಬೇಕು ಅಥವಾ ಹಿಡಿಯಬೇಕು ಎಂದು ಮೇಡಂ ನಮ್ಮೆಲ್ಲರ ಎದುರಿಗೆ ಸೀಟಿ ಮಾಮನವರಿಗೆ ಹೇಳಿದರು. ಅವರನ್ನು ವೃತ್ತದಲ್ಲೇ ಉಳಿಸುವುದು ಮೇಲಿನವರ ಕೈಯಲ್ಲಿದೆಯಂತೆ. ಆ ಮೇಲಿನವರು ಓದಲೆಂದೇ ಇಷ್ಟು ಉದ್ದ ಬರೆದಿದ್ದೇನೆ. ಅವರನ್ನು ಅಲ್ಲೇ ಉಳಿಸಿಕೊಡಬೇಕಾಗಿ ಕೇಳಿಕೊಳ್ಳುತ್ತೇನೆ.

ನಡೆದದ್ದೇ ಇಲ್ಲಿದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾರೂ ಹೇಳಿಕೊಟ್ಟಿಲ್ಲ, ಹೆದರಿಸಿಲ್ಲ. ಮೇಡಂ ಗಟ್ಟಿಯಾಗಿ ಓದಿ ಕೇಳಿಸಿದರು, ನನ್ನ ಮಾತೇ ಹೌದೆಂದು ಒಪ್ಪಿ ರುಜು ಹಾಕಿದ್ದೇನೆ. ಸಾಕ್ಷಿಗೆ ಯಾರ ರುಜು ಎಂದು ಮೇಡಂ ಕೇಳಿದಾಗ ವ್ಯಾಪಾರಿ ತಾವಾಗಿಯೇ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು.

ಸ್ಥಳ: ಪೊಲೀಸ್ ಠಾಣೆ
ದಿನ: ಬುಧವಾರ, ಈ ತಿಂಗಳ ಹದಿನಾಲ್ಕು

ರುಜು: ಡಾಕ್ಟರಮ್ಮನ ಮಾವ
ಸಾಕ್ಷಿ: ಮೊಟ್ಟೆ ವ್ಯಾಪಾರಿ, ಅಂದರೆ ದೂರು ಕೊಟ್ಟವರು