ಹೂಂ ಅನ್ನೋದಕ್ಕೆ ಓಂ

ಇಲ್ಲ ಕಣವ್ವ, ನಾನು ಹೊಡೀಲಿಲ್ಲ... ಸರಿ, ಹೊಡ್ದೆ. ಅಂಗೈಗೆ ಒಂದೇ ಒಂದು ಏಟು. ಹೊಡೀದೆ ಇರೋ ಮೇಷ್ಟ್ರು ಯಾರಿದ್ರು ಆಗ? ಯಾಕೆ ನಗ್ತೀಯ?

ಕುರ್ಚಿ ಯಾಕೆ ಆ ಕಡೆಗೆ ಎಳ್ಕೊಂಡೆ? ಬಿಸ್ಲಾ? ಎಲ್ಲಾದ್ರೂ ಕೂತ್ಕೊ.

ಕೊಡಿಲ್ಲಿ ಚೀಟಿ. ಈಗಿನ ಹೆಡ್‌ಮೇಷ್ಟ್ರು ಚಲುವಯ್ಯನ ಕೈಬರಹ ಇದು... 'ತವಮಣಿ, ಸಿಲೋನ್ ನಿರಾಶ್ರಿತರ ಮಗಳು, ಎಂಬತ್ತೈದರಲ್ಲಿ ಒಂದನೇ ಕ್ಲಾಸು. ರಿಜಿಸ್ಟರಿನಲ್ಲಿ ಹೆಸರು ಹೊಡೆದುಹಾಕಿದೆ. ಓದಿದ್ದು ನಿಜ ಅಂತ ಲಕ್ಕಯ್ಯ ಮೇಷ್ಟ್ರೇ ಬರೆದುಕೊಡಬೇಕು. ಇಲ್ಲದಿದ್ದರೆ ಈಕೆಯ ಪೌರತ್ವದ ಅರ್ಜಿ ನಿಲ್ಲುವುದಿಲ್ಲ.'

ಹ್ಞಾ. ನಾನೇ ಬರೀಬೇಕಾ? ಅದಕ್ಕಾ ಸಾತನೂರು ಬಸ್ಸು ಹತ್ತಿ ಬಂದಿದ್ದು.

ನೆನಪೈತೆ ನಂಗೆ. ನಿಮ್ಮಪ್ಪ ಬಂಡೆ ಕ್ವಾರೀಲಿದ್ದ. ಸಿಲೋನ್ ಮಕ್ಕಳನ್ನ ಸೇರಿಸ್ಕೊಳ್ಳಿ, ಅವ್ರ ಭಾಷೆ ಗೇಲಿ ಮಾಡ್ಬೇಡಿ ಅಂತ ಮೇಲಿಂದ ಕಾಗದ ಬಂದಿತ್ತು. ಓದಿದ್ದೆ. ಸೈನ್ ಹಾಕಿದ್ದೆ. ಅಷ್ಟೇ.

ಹಾಜರಿ ಕೂಗ್ದೆ. ತವಮಣಿ ನೀನೇನಾ ಅಂದೆ. 'ಓಂ' ಅಂದೆ ನೀನು. ಕ್ಲಾಸೆಲ್ಲ ಗೊಳ್ ಅಂತು. ಸಿಲೋನಿಂದ ಬಂದ್ಯಾ? ಓಂ. ಊಟ ಆಯ್ತಾ? ಓಂ. 'ಪೂಜಾರವ್ವ, ಪೂಜಾರವ್ವ' ಅಂತ ಹುಡುಗ್ರು ಕಿರುಚಿದ್ರು. ಅವ್ರನ್ನ ತಡೀಬೇಕಿತ್ತು. ನಾನೂ ನಕ್ಕೆ... ಒಸಿ ನಕ್ಕೆ. ಮೂರು ತಿಂಗಳು ಅದೇ ಹೆಸ್ರು ನಿಂಗೆ.

ಒಂದಿನ ರೇಗ್ಬುಡ್ತು. ದೇವ್ರ ಹೆಸ್ರಲ್ಲಿ ಆಟ ಆಡ್ತೀಯಾ ಅಂತ ಕೇಳ್ದೆ. ಅದಕ್ಕೂ ಓಂ! ಏನು ಮಾಡ್ಲಿ? ನಿಮ್ಮ ಕಡೆ ತಮಿಳಲ್ಲಿ ಓಂ ಅಂದ್ರೆ ನಮ್ಮ ಹೂಂ ಅಂತ ನಂಗೇನು ಗೊತ್ತು? ಎಷ್ಟೋ ವರ್ಷ ಆದ್ಮೇಲೆ ಗೊತ್ತಾಗಿದ್ದು.

ಬರೀತೀನಿ, ಕೊಡು ಪೆನ್ನು. 'ತವಮಣಿ ಮೂರು ತಿಂಗಳು ಓದಿ, ತಾನೇ ಶಾಲೆ ಬಿಟ್ಟಳು.' ಸರಿಯಾ?

...ಸರಿಯಾ ಅಂದೆ.

ತವಮಣಿ! ಇಲ್ಲೇ ಎರಡು ಮಾರು ದೂರದಲ್ಲಿ ಕೂತಿದ್ದೀಯ, ಕೇಳಿಸ್ಲಿಲ್ವಾ? ಆ ಕಡೆ ತಿರುಗಿ ತಲೆ ತಗ್ಗಿಸಿದ್ರೆ ಆಯ್ತಾ? ನೋಡಿಲ್ಲಿ...

ಯಾಕೆ ಹಂಗೆ ಪೂರ್ತಿ ತಿರುಗ್ತೀಯ? ಬಲಗಿವಿ ಕೊಡ್ತೀಯ ಯಾಕೆ?

ಎಡಗಿವಿ...

ಕೇಳಲ್ವಾ.

ಯಾವತ್ತಿಂದ... ಬೇಡ. ಹೇಳ್ಬೇಡ. ನಾನು ಬಲಗೈಯವನು.

ಆ ಕಾಗದ ಹರಿದಾಕು. ಬೇರೆ ಕೊಡು.

ಅಂಗೈಗಲ್ಲ ಹೊಡ್ದಿದ್ದು. ಎಡಗೆನ್ನೆಗೆ. ಕಿವಿಯಿಂದ ರಕ್ತ ಬಂತು. ನಿನ್ನ ಪಕ್ಕ ಕೂರ್ತಿದ್ದ ತಾಹೇರಾ ಆಗ್ಲೇ ಅಳ್ತಾ ಹೇಳಿದ್ಲು: 'ಸಾ, ಅವ್ಳ ಮಾತಲ್ಲಿ ಓಂ ಅಂದ್ರೆ ಹೂಂ ಸಾ.' ಆವತ್ತೇ ಗೊತ್ತಾಯ್ತು ನಂಗೆ. ಆವತ್ತೇ ಕೆಂಪು ಇಂಕಲ್ಲಿ ನಿನ್ನ ಹೆಸ್ರು ಹೊಡ್ದಾಕ್ದೆ. ಸ್ಕೂಲ್ ಇನ್‌ಸ್ಪೆಕ್ಟರು ಕೇಳಿದ್ರೆ ಇಂಥ ಮಗು ಇರ್ಲೇ ಇಲ್ಲ ಅನ್ನೋಣ ಅಂತ.

ಎಲ್ಲ ಬರ್ದಿದೀನಿ. ಸೈನೂ ಹಾಕಿದೀನಿ. ತಗೊ.

ತಡಿ, ಒಂದು ಸಾಲು ಬಿಟ್ಟೋಯ್ತು.

ಮಾರನೇ ದಿನ ನೀನು ಬಂದಿದ್ದೆ. ಕಿವಿಗೆ ಹತ್ತಿ ಇಟ್ಕೊಂಡು, ಸ್ಲೇಟು ಹಿಡ್ಕೊಂಡು. ನಾನು ಬಾಗ್ಲಲ್ಲೇ ತಡ್ದೆ. ಮನೆಗೆ ಹೋಯ್ತೀಯಾ ಅಂತ ಕೈ ತೋರಿಸ್ದೆ.

ನೀನು ಓಂ ಅಂದೆ. ಹೋದೆ.