ತೊಳೆದ ಕಲ್ಲು

ವಸ್ತುಸಂಗ್ರಹಾಲಯದ ಕಚೇರಿಯ ಹೊರಗೆ, ನಾನು ಕೂತಿದ್ದ ಬೆಂಚಿಗೇ ಅತ್ತೆ ಸೊಸೆ ಬಂದು ಕೂತರು. ಅಧಿಕಾರಿಯನ್ನು ಕಂಡು ಬಂದಿದ್ದರು. ಸೊಸೆಯ ಮಡಿಲಲ್ಲಿ ಅಂಗೈಯಗಲದ ಚೂಪು ಕಲ್ಲೊಂದು ಫಳಫಳ ಹೊಳೆಯುತ್ತಿತ್ತು.

“ಬ್ರಷ್ ಹಾಕಿ ಉಜ್ಜೋಕೆ ಯಾರು ಹೇಳಿದ್ರು ಅತ್ತೆ?”

“ದೊಡ್ಡೋರ ಮುಂದೆ ಕೊಳಕು ಕಲ್ಲು ಇಡೋಕಾಗುತ್ತೇನೆ? ಎಣ್ಣೆ ಬೇರೆ ಹಚ್ಚಿದ್ದೆ.”

“ಆದಿಮಾನವರ ಕೊಡಲಿಯಂತೆ. ಅಂಟಿದ್ದ ಮಣ್ಣು ಇದ್ದಿದ್ರೆ ಎಷ್ಟು ಸಾವಿರ ವರ್ಷದ್ದು ಅಂತ ಹೇಳ್ತಿದ್ರಂತೆ.”

“ನಾನೂ ದಿನಾ ಸ್ನಾನ ಮಾಡ್ತೀನಿ. ನನ್ನ ಎಪ್ಪತ್ತು ವರ್ಷ ಅಳಿಸಿಹೋಯ್ತಾ?”

“ನಗಬೇಡಿ. ಇದು ಸಿಕ್ಕಿದ ಹೊಸ ಕೋಣೆ ಪಾಯದಲ್ಲೇ ಇಂಥದೇ ಇನ್ನೊಂದರ ಮೂತಿ ಕಾಣ್ತಿದೆ. ಈ ಅಧಿಕಾರಿ ಬಂದು ನೋಡೋದು ಸೋಮವಾರ. ನಿಮ್ಮ ಮಗ ನಾಳೆನೇ ಕಾಂಕ್ರೀಟ್ ಸುರಿಸ್ತಾರೆ.”

“ನಿಲ್ಲಿಸು ಅಂದ್ರೆ ಕೇಳೋ ಪೈಕಿ ಅಲ್ಲ ಅವನು.”

“ಕೇಳದಿದ್ರೆ ಗುಂಡಿಗೇ ಇಳಿದು ಕೂತ್ಕೋತೀನಿ. ಸೋಮವಾರದ ತನಕ ಏಳಲ್ಲ.”

ಅತ್ತೆ ಆ ಕಲ್ಲಿನ ಹೊಳಪಿನ ಮೇಲೆ ಬೆರಳಾಡಿಸಿದರು.

“ನೀನು ಕೂತ್ರೆ ಎತ್ತಿ ಆಚೆ ಇಡ್ತಾನೆ. ತೊಳೆದವಳು ನಾನು, ನಾನೇ ಕೂರ್ತೀನಿ. ಹೆತ್ತವಳ ಮೇಲೆ ಕಾಂಕ್ರೀಟ್ ಸುರೀತಾನಾ ನೋಡೇಬಿಡೋಣ.”

“ಮಂಡಿನೋವು?”

“ಒಂದು ಕುರ್ಚಿ ಇಳಿಸ್ಕೊಡು. ಏಳು, ಬಸ್ಸು ತಪ್ಪುತ್ತೆ.”

ಸೊಸೆ ಕಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅತ್ತೆ ಆಗಲೇ ಮೆಟ್ಟಿಲಿಳಿಯುತ್ತಿದ್ದರು.