ದಾದಿ ಕುಡಿದ ಅರ್ಧ ಬಾಟ್ಲಿ

ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸಿಗೆ ಕಾದು ಕಾದು ಹಮಾಲ ಮೈಲಾರಪ್ಪನ ಕಾಲು ಬೇರು ಬಿಡುವುದೊಂದೇ ಬಾಕಿಯಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಅಜ್ಜಿ, ಮೊಮ್ಮಗಳ ಮಾತು ಕಿವಿಗೆ ಬಿತ್ತು. ಹುಡುಗಿಯ ಕೈಯಲ್ಲಿ ವಿಜ್ಞಾನ ಪ್ರದರ್ಶನದಲ್ಲಿ ಗೆದ್ದ ಕಪ್ ಹೊಳೆಯುತ್ತಿತ್ತು.

“ಖರೇ ಹೇಳು ದಾದಿ. ಎರಡೂ ಬಾಟ್ಲಿಗೆ ನಾ ಬರೇ ಲಿಂಬಿರಸ ತುಂಬಿದ್ದೆ. ಒಂದರಾಗ ನೀರು ಹಾಕಿದವರು ಯಾರು?”

“ಬಾಯಿ ಒಣಗಿತ್ತು ಬೇಟಾ. ಅರ್ಧ ಕುಡದು, ನಿನಗ ಗೊತ್ತಾಗಬಾರದಂತ ಅಷ್ಟ ನೀರು ತುಂಬಿದೆ. ಮಂದಿ ಹೆಚ್ಚಾದಾಗ ಶರಬತ್ತಿಗೆ ಹಾಕ್ತೇನಲ್ಲ, ಹಂಗ.”

“ಯಾ ಅಲ್ಲಾ! ಎರಡಕ್ಕೂ ಅಷ್ಟಷ್ಟ ಸೋಡಾಪುಡಿ ಹಾಕಿ ಬಾಯಿಗೆ ಬಲೂನ್ ಪುಗ್ಗಾ ಸಿಗಿಸಿದೆ. ಒಂದು ಕುಂಬಳಕಾಯಿ ಆತು, ಇನ್ನೊಂದು ಬದನಿಕಾಯಿ! ‘ಇದ್ಯಾಕ ಸಣ್ಣದು?’ ಅಂತ ಸರ್ ಕೇಳಿದ್ರು. ನನ್ನ ಜೀವಾನ ಹೋತು.”

“ಏನಂದಿ ಮತ್ತ?”

“ನೋಡಿದ್ರ ಆ ಬಾಟ್ಲ್ಯಾಗಿನ ರಸ ತೆಳ್ಳಗಿತ್ತು. ‘ಅಳತಿ ಒಂದ ಐತ್ರಿ ಸರ್, ಇದರಾಗ ಹುಳಿ ಅರ್ಧ ಐತ್ರಿ, ಅದಕ್ಕ ಗ್ಯಾಸ್ ಕಡಿಮಿ ಬಂತ್ರಿ. ಅದನ್ನ ತೋರಸಾಕ ಇಟ್ಟೇನ್ರಿ’ ಅಂದೆ. ಉಳದವರೆಲ್ಲ ಒಂದೊಂದ ಪುಗ್ಗಾ ಉಬ್ಬಿಸಿದ್ರು. ‘ಹೋಲಿಸಿ ತೋರಿಸಿದಾಕಿ ನೀ ಒಬ್ಬಾಕಿ’ ಅಂತ ನನಗ ಕೊಟ್ರು.”

“ಅಂದ್ರ ಕಪ್‌ನ್ಯಾಗ ಅರ್ಧ ನಂದು!”

“ನಿಂದ! ಬರೋ ವಾರ ಧಾರವಾಡದ ಪ್ರದರ್ಶನದಾಗ ಮೂರು ಬಾಟ್ಲಿ ಇಡ್ತೇನಿ.”

“ಮೂರನೇದ್ದು ಎಷ್ಟು ಕುಡೀಲಿ?”

“ಮುಕ್ಕಾಲು.”

“ಹಲ್ಲು ಉದರ್ತಾವಲ್ಲ! ಇರ್ಲಿ, ಕುಡೀತೇನಿ.”

ಅವರ ಅಗಡಿ ಬಸ್ಸು ಬಂತು. ಅಜ್ಜಿ ಕಪ್ ಕಸಿದುಕೊಂಡು ತಲೆಯ ಮೇಲಿಟ್ಟು, ಏಳು ರಾಜ್ಯ ಗೆದ್ದವಳಂತೆ ಎಲ್ಲರಿಗಿಂತ ಮೊದಲು ಹತ್ತಿದಳು.